ಮೈಟ್ರಲ್ ಕವಾಟದ ಶಸ್ತ್ರಚಿಕಿತ್ಸೆ ಎದುರಿಗಿದೆ: ಮತ್ತೆ ಸ್ಕೂಬಾ ಡೈವಿಂಗ್ ಮಾಡಲಾದೀತೇ?

ಸಾಗರಗಾಮಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನನಗೀಗ 44 ವರ್ಷ. ಬಹುಕಾಲದಿಂದ ಸ್ಕೂಬಾ ಡೈವಿಂಗ್ ಮಾಡುತ್ತಿದ್ದೇನೆ. ಡೈವ್‌ಮಾಸ್ಟರ್ ಅರ್ಹತೆಯೂ ಇರುವುದರಿಂದ, ಮಳೆಗಾಲ ಮುಗಿದು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ದೋಣಿಗಳು ಹೊರಡಲು ಆರಂಭವಾದ ಮೇಲೆ ವಾರಾಂತ್ಯಗಳಲ್ಲಿ ಹೊಸಬರ ತಂಡಗಳೊಂದಿಗೆ ನೀರಿಗಿಳಿಯುವುದು ರೂಢಿ. ಕಳೆದ ಋತುವಿನ ಕೊನೆಯಲ್ಲಿ, ಸೆಳೆತಕ್ಕೆ ಎದುರಾಗಿ ಸ್ವಲ್ಪ ಈಜಿದರೂ ಏದುಸಿರು ಬರತೊಡಗಿತು. ನನ್ನ ಸಿಲಿಂಡರಿನ ಗಾಳಿ ಹೊಸಬರದಕ್ಕಿಂತ ಮೊದಲೇ ಮುಗಿಯತೊಡಗಿತು. ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿದಾಗ, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಹಿಂಭಾಗದ ದಳ ಜಾರಿದೆ, ತೀವ್ರವಾದ ಸೋರಿಕೆ ಇದೆ ಎಂದು ತಿಳಿಯಿತು. ಇಜೆಕ್ಷನ್ ಫ್ರ್ಯಾಕ್ಷನ್ (ಪ್ರತಿ ಬಡಿತಕ್ಕೆ ಹೃದಯ ಹೊರಹಾಕುವ ರಕ್ತದ ಪಾಲು) ಶೇ. 58, ಹೃದಯ ಸಂಕುಚಿಸಿದಾಗ ಕೆಳಗಿನ ಕೋಣೆಯಾದ ಎಡ ಹೃತ್ಕುಕ್ಷಿಯ ಅಳತೆ 41 ಮಿ.ಮೀ. ಎಂದು ವರದಿಯಲ್ಲಿದೆ. ದೀಪಾವಳಿ ಮುಗಿದ ಮೇಲೆ ಶಸ್ತ್ರಚಿಕಿತ್ಸೆ ಎಂದು ನಿಗದಿಯಾಗಿದೆ.

ಮೊದಲು ಕವಾಟದ ದುರಸ್ತಿಗೆ ಪ್ರಯತ್ನಿಸುವುದಾಗಿಯೂ, ಅದು ಆಗದಿದ್ದರೆ ಬದಲಾಯಿಸುವುದಾಗಿಯೂ, ಹಾಗೆ ಬದಲಾಯಿಸಬೇಕಾಗಿ ಬಂದರೆ ಲೋಹದ ಕವಾಟ ಬೇಕೋ ಪ್ರಾಣಿ ಅಂಗಾಂಶದ ಕವಾಟ ಬೇಕೋ ಎಂಬುದನ್ನು ನಾನೇ ಮುಂಚಿತವಾಗಿ ತಿಳಿಸಬೇಕೆಂದೂ ಶಸ್ತ್ರವೈದ್ಯರು ಹೇಳಿದ್ದಾರೆ. ಡೈವಿಂಗ್ ವಿಷಯ ಎತ್ತಿದಾಗ ಅವರು ನಕ್ಕು, ‘ಮೊದಲು ಆಪರೇಷನ್ ಆಗಲಿ, ಆಮೇಲೆ ನೋಡೋಣ’ ಎಂದರು. ಆದರೆ ಕೆಲವು ತೀರ್ಮಾನಗಳನ್ನು ಆಮೇಲೆ ಬದಲಿಸಲಾಗುವುದಿಲ್ಲ ಎಂಬುದೇ ನನ್ನ ಚಿಂತೆ. ಶಸ್ತ್ರಚಿಕಿತ್ಸೆಗೆ ಮುನ್ನ ನಾನು ಏನನ್ನು ಕೇಳಬೇಕು? ಯಾವ ಕವಾಟವಾದರೆ ಮತ್ತೆ ನೀರಿಗಿಳಿಯಬಹುದು? ಅಲ್ಲಿಯವರೆಗೆ ಹತ್ತು ಮೀಟರಿನೊಳಗಿನ ಸುಲಭದ ಡೈವ್‌ಗಳನ್ನು ಮಾಡಬಹುದೇ?

ಮಲ್ಪೆ ಅಲೆ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಹತ್ತು ಮೀಟರಿನಲ್ಲಿ ಏನಾಗುತ್ತದೆ ಸ್ವಾಮಿ? ಡಿಕಂಪ್ರೆಷನ್ನಿನ (ಮೇಲೇರಿದಾಗ ದೇಹದಲ್ಲಿ ಗುಳ್ಳೆಗಳು ಹುಟ್ಟುವ ಕಾಯಿಲೆಯ) ಭಯ ಹೆಚ್ಚಿಲ್ಲ, ಮೇಲೆ ಬರಲು ಒಂದು ನಿಮಿಷ ಸಾಕು. ನೀವು ಅನುಭವಸ್ಥರು, ನಿಮ್ಮ ದೇಹದ ಮಾತು ನಿಮಗೆ ತಿಳಿಯುತ್ತದೆ. ಋತು ಈಗ ತಾನೇ ತೆರೆಯುತ್ತಿದೆ. ಸೆಳೆತವಿಲ್ಲದ ದಿನ ನೋಡಿ ಇಳಿಯಿರಿ. ವೈದ್ಯರನ್ನು ಕೇಳಿದರೆ ಸ್ನಾನವೂ ಬೇಡ ಎನ್ನುತ್ತಾರೆ.

ಹೃದ್ವೈದ್ಯೆ (ಮೈಸೂರು)

ಮೇಲಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ನಾನು ಹೃದ್ರೋಗ ವೈದ್ಯೆ. ಹವ್ಯಾಸಕ್ಕಾಗಿ ಡೈವಿಂಗ್ ಕಲಿತವಳೂ ಹೌದು. ಸಾಗರಗಾಮಿಯವರ ಹೃದಯಕ್ಕೆ ಅಪಾಯ ಬರುವುದು ಆಳದಿಂದಲ್ಲ, ನೀರಿನಲ್ಲಿ ಮುಳುಗುವುದರಿಂದಲೇ.

ನೆಲದ ಮೇಲೆ ನಿಂತಾಗ ರಕ್ತದ ಗಣನೀಯ ಭಾಗ ಕಾಲುಗಳಲ್ಲಿ ನಿಂತಿರುತ್ತದೆ. ಕುತ್ತಿಗೆಯವರೆಗೆ ನೀರಿನಲ್ಲಿ ಇಳಿದ ಕೂಡಲೇ, ಸುತ್ತಲಿನ ನೀರಿನ ಒತ್ತಡದಿಂದ ಅದರಲ್ಲಿ ಸುಮಾರು ಅರ್ಧ ಲೀಟರಿಗೂ ಹೆಚ್ಚು ಎದೆಯ ಕಡೆಗೆ ಸರಿಯುತ್ತದೆ; ಹೃದಯ ಹಿಗ್ಗುತ್ತದೆ. (ನೀರಿಗಿಳಿದ ಸ್ವಲ್ಪ ಹೊತ್ತಿಗೇ ಮೂತ್ರಕ್ಕೆ ಅವಸರವಾಗುವುದು ಇದೇ ಕಾರಣಕ್ಕೆ.) ಆರೋಗ್ಯವಂತ ಹೃದಯ ಅದನ್ನು ನಿಭಾಯಿಸುತ್ತದೆ. ಆದರೆ ಮೈಟ್ರಲ್ ಕವಾಟ ತೀವ್ರವಾಗಿ ಸೋರುತ್ತಿರುವಾಗ, ಪ್ರತಿ ಬಡಿತಕ್ಕೂ ರಕ್ತದ ಒಂದು ಪಾಲು ಹಿಂದಕ್ಕೆ, ಮೇಲಿನ ಕೋಣೆಯಾದ ಎಡ ಹೃತ್ಕರ್ಣಕ್ಕೆ ಚಿಮ್ಮುತ್ತಿರುತ್ತದೆ. ಅದರ ಮೇಲೆ ಈ ಹೆಚ್ಚುವರಿ ರಕ್ತವೂ ಬಂದು ಸೇರಿದರೆ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಲ್ಲಿ ಒತ್ತಡ ಏರಿ, ದ್ರವ ಗಾಳಿಗೂಡುಗಳೊಳಕ್ಕೆ ಜಿನುಗುತ್ತದೆ. ಬಿಗಿಯಾದ ವೆಟ್‌ಸೂಟ್, ತಣ್ಣೀರು, ಶ್ರಮ, ರೆಗ್ಯುಲೇಟರಿನ ಮೂಲಕ ಉಸಿರೆಳೆಯುವ ಪ್ರಯಾಸ, ಇವೆಲ್ಲವೂ ಅದಕ್ಕೆ ಇಂಬು ಕೊಡುತ್ತವೆ. ಏದುಸಿರು, ಕೆಮ್ಮು, ನೊರೆಯಂಥ ಕಫ ಇದರ ಲಕ್ಷಣಗಳು. ಮೇಲ್ಮೈಯಲ್ಲಿ ಈಜುವವರಿಗೂ ಹೀಗಾಗಿರುವ ಉದಾಹರಣೆಗಳಿವೆ. ಹಾಗಿರುವಾಗ ಹತ್ತು ಮೀಟರ್ ಎಂಬುದು ರಕ್ಷಣೆಯೇ ಅಲ್ಲ.

ಇಜೆಕ್ಷನ್ ಫ್ರ್ಯಾಕ್ಷನ್ 60ಕ್ಕೆ ಇಳಿದರೆ ಅಥವಾ ಎಡ ಹೃತ್ಕುಕ್ಷಿಯ ಆ ಅಳತೆ 40 ಮಿ.ಮೀ. ಮುಟ್ಟಿದರೆ, ರೋಗಿಗೆ ಯಾವ ತೊಂದರೆಯೂ ಕಾಣದಿದ್ದರೂ ಶಸ್ತ್ರಚಿಕಿತ್ಸೆಗೆ ಕಾಲ ಬಂದಿದೆ ಎಂದೇ ಈಗಿನ ಮಾರ್ಗಸೂಚಿಗಳು ಹೇಳುತ್ತವೆ. ನಿಮ್ಮವು ಎರಡೂ ಗೆರೆ ದಾಟಿವೆ. 58 ಎಂಬ ಅಂಕಿ ಕೇಳಲು ಚೆನ್ನಾಗಿದೆ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಹೃದಯ ಹೊರಹಾಕುತ್ತಿರುವುದರಲ್ಲಿ ಒಂದಷ್ಟು ಹಿಂದಕ್ಕೇ ಹೋಗುತ್ತಿರುವುದರಿಂದ ಈ ಅಂಕಿ ಇರುವುದಕ್ಕಿಂತ ಮೇಲಾಗಿಯೇ ತೋರುತ್ತದೆ.

ನೇತ್ರಾಣಿ ದೋಣಿ (ಮುರುಡೇಶ್ವರ)

ವೈದ್ಯೆಯವರ ಮಾತಿಗೆ ದೋಣಿಯವನಾಗಿ ಒಂದು ಸೇರಿಸುತ್ತೇನೆ. ಮುರುಡೇಶ್ವರದಿಂದ ನೇತ್ರಾಣಿಗೆ ಸಮುದ್ರದಲ್ಲಿ ಒಂದು, ಒಂದೂವರೆ ಗಂಟೆಯ ದಾರಿ. ದಡ ಮುಟ್ಟಿದ ಮೇಲೆ ದೊಡ್ಡ ಆಸ್ಪತ್ರೆ ಬೇಕೆಂದರೆ ಹೆದ್ದಾರಿ ಹಿಡಿದು ಮಣಿಪಾಲದತ್ತ ಓಡಬೇಕು. ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ವ್ಯಕ್ತಿಗೆ ದೋಣಿಯಲ್ಲಿ ನಾವು ಕೊಡಬಹುದಾದದ್ದು ಆಮ್ಲಜನಕವೊಂದೇ. ಅದಕ್ಕಿಂತ ಮುಖ್ಯವಾಗಿ, ಸಾಗರಗಾಮಿಯವರು ಒಬ್ಬರೇ ಇಳಿಯುವುದಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಸಮುದ್ರದ ತಳ ನೋಡುತ್ತಿರುವವರು ಅವರ ಕೈ ಹಿಡಿದಿರುತ್ತಾರೆ. ಕೈ ಹಿಡಿದವನೇ ಉಸಿರುಗಟ್ಟಿ ಮೇಲೇರಿದರೆ ಆ ಹುಡುಗರ ಗತಿ ಏನು?

ಮಲ್ಪೆ ಅಲೆ

ನೀತಿಯ ಮಾತು ಎಲ್ಲರೂ ಆಡುತ್ತಾರೆ. ನಿಮ್ಮ ದೋಣಿ ಹತ್ತುವವರು ವೈದ್ಯಕೀಯ ಪ್ರಶ್ನಾವಳಿಯಲ್ಲಿ ಎಲ್ಲಕ್ಕೂ ‘ಇಲ್ಲ’ ಎಂದು ಗೀಚಿ ಸಹಿ ಹಾಕುವುದನ್ನು ನಾನೇ ನೋಡಿದ್ದೇನೆ. ರಕ್ತದೊತ್ತಡದ ಮಾತ್ರೆ ಜೇಬಿನಲ್ಲಿಟ್ಟುಕೊಂಡು ಇಳಿಯುವವರು ಎಷ್ಟು ಜನರಿಲ್ಲ? ಇವರು ಪ್ರಾಮಾಣಿಕವಾಗಿ ಕೇಳಿದ್ದಕ್ಕೆ ಇವರಿಗೆ ಮಾತ್ರ ಬಾಗಿಲು ಮುಚ್ಚುವುದೇ?

ನೇತ್ರಾಣಿ ದೋಣಿ (ಮುರುಡೇಶ್ವರ)

ಹೌದು, ತಿಳಿದ ಮೇಲೆ ಮುಚ್ಚಲೇಬೇಕು. ಹೃದಯದ ಪ್ರಶ್ನೆಗೆ ‘ಹೌದು’ ಎಂದವರು ವೈದ್ಯರ ಸಹಿ ತಂದ ಮೇಲೆಯೇ ದೋಣಿ ಹತ್ತಬೇಕೆಂಬುದು ನಿಯಮ. ಸುಳ್ಳು ಬರೆದು ಹತ್ತುವವರಿದ್ದಾರೆಂದು ನಿಜ ಹೇಳಿದವರನ್ನು ಅಪಾಯಕ್ಕೆ ಕಳುಹಿಸಲು ನನ್ನಿಂದಾಗದು.

ಪರ್ತ್ ಕನ್ನಡಿಗ

ನನ್ನ ಅನುಭವ ಬೇರೆ ಕವಾಟದ್ದು, ಆದರೆ ಉಪಯೋಗವಾಗಬಹುದು. ನನಗೆ ಹುಟ್ಟಿನಿಂದಲೇ ಮಹಾಪಧಮನಿಯ ಕವಾಟದಲ್ಲಿ ಮೂರರ ಬದಲು ಎರಡೇ ದಳಗಳಿದ್ದವು. ನೂರು ಜನರಲ್ಲಿ ಒಬ್ಬಿಬ್ಬರಿಗೆ ಹೀಗಿರುತ್ತದೆಯಂತೆ. ನಲವತ್ತು ದಾಟುವವರೆಗೆ ನನಗದು ತಿಳಿದೇ ಇರಲಿಲ್ಲ. ವಯಸ್ಸು ಚಿಕ್ಕದೆಂಬ ಕಾರಣಕ್ಕೆ ಯಾಂತ್ರಿಕ ಕವಾಟ ಹಾಕಿದರು. ಕವಾಟ ಅತ್ಯುತ್ತಮವಾಗಿ ಕೆಲಸ ಮಾಡುತ್ತಿದೆ. ರಾತ್ರಿ ಮನೆ ಶಾಂತವಾಗಿದ್ದರೆ ಅದರ ಟಿಕ್ ಟಿಕ್ ನನ್ನ ಹೆಂಡತಿಗೂ ಕೇಳಿಸುತ್ತದೆ. ಸಮಸ್ಯೆ ಇರುವುದು ಅದರ ಜೊತೆಗೆ ಬರುವ, ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯಲ್ಲಿ. ಅದನ್ನು ಜೀವನಪರ್ಯಂತ ನುಂಗಬೇಕು.

ಇಲ್ಲಿನ ಡೈವಿಂಗ್ ವೈದ್ಯರು ನನಗೆ ಅನುಮತಿ ಕೊಡಲಿಲ್ಲ. ಅವರು ಕೊಟ್ಟ ಕಾರಣಗಳು ಹೀಗಿದ್ದವು: ಕಿವಿಯ ಒತ್ತಡವನ್ನು ಸರಿದೂಗಿಸುವಾಗ ಸ್ವಲ್ಪ ತಡವಾದರೂ ಮಧ್ಯಕಿವಿಯಲ್ಲಿ ಅಥವಾ ಸೈನಸ್‌ನಲ್ಲಿ ರಕ್ತ ಒಸರುವುದುಂಟು. ಬೇರೆಯವರಿಗೆ ಮೂಗಿನಲ್ಲಿ ಎರಡು ಹನಿ ಬಂದು ನಿಲ್ಲುವ ರಕ್ತ ನನಗೆ ನಿಲ್ಲದಿರಬಹುದು. ಡಿಕಂಪ್ರೆಷನ್ ಕಾಯಿಲೆ ಬೆನ್ನುಹುರಿಗೆ ತಗುಲಿದರೆ ಅಲ್ಲಿ ರಕ್ತಸ್ರಾವವಾಗಿ ಹಾನಿ ದೊಡ್ಡದಾಗಬಹುದು. ದೋಣಿಯ ಏಣಿ ಹತ್ತುವಾಗ ಅಲೆಗೆ ತಲೆ ತಗುಲಿದರೂ ಅದು ಸಾಮಾನ್ಯ ಪೆಟ್ಟಾಗಿ ಉಳಿಯುವುದಿಲ್ಲ. ನಾನು ಬಹಳ ವಾದಿಸಿದೆ, ಎರಡನೆಯ ವೈದ್ಯರ ಬಳಿಗೂ ಹೋದೆ. ಈಗ ಸ್ನಾರ್ಕಲ್ ಹಾಕಿಕೊಂಡು ಮೇಲ್ಮೈಯಲ್ಲಿ ಈಜುತ್ತೇನೆ. ಮಡದಿ ಮಕ್ಕಳು ಕೆಳಗೆ ಇಳಿಯುತ್ತಾರೆ, ನಾನು ಮೇಲಿನಿಂದ ಅವರ ಗುಳ್ಳೆಗಳನ್ನು ನೋಡುತ್ತೇನೆ. ಸಂತೋಷವಾಗಿದೆ ಎಂದು ಹೇಳಲಾರೆ.

ಕರಾವಳಿ ಮೇಷ್ಟ್ರು

ನೀರಿನ ಒತ್ತಡಕ್ಕೆ ಆ ಲೋಹದ ಕವಾಟವೇ ನಜ್ಜುಗುಜ್ಜಾಗುವುದಿಲ್ಲವೇ?

ಅರಿವಳಿಕೆ ತಜ್ಞ (ಹುಬ್ಬಳ್ಳಿ)

ಇಲ್ಲ, ಮೇಷ್ಟ್ರೇ. ಹತ್ತು ಮೀಟರಿನಲ್ಲಿ ಒತ್ತಡ ಎರಡು ಪಟ್ಟಾಗುವುದು ನಿಜ. ಆದರೆ ಒತ್ತಡದಿಂದ ಕುಗ್ಗುವುದು ಗಾಳಿ ತುಂಬಿದ ಜಾಗಗಳು ಮಾತ್ರ; ಕವಾಟದೊಳಗೆ ಗಾಳಿಯೇ ಇಲ್ಲ, ಅದರ ಎರಡೂ ಬದಿಯಲ್ಲಿರುವುದು ರಕ್ತ. ಅಂದ ಹಾಗೆ, ಎಲ್ಲರೂ ಲೋಹದ ಕವಾಟ ಎನ್ನುತ್ತಾರಾದರೂ ಈಗಿನ ಯಾಂತ್ರಿಕ ಕವಾಟಗಳ ದಳಗಳು ಹೆಚ್ಚಾಗಿ ಪೈರೋಲಿಟಿಕ್ ಕಾರ್ಬನ್ನಿನವು. ಪೇಸ್‌ಮೇಕರ್ ವಿಷಯ ಬೇರೆ. ಕವಾಟದ ಶಸ್ತ್ರಚಿಕಿತ್ಸೆಯ ನಂತರ ಕೆಲವರಿಗೆ ಅದನ್ನೂ ಅಳವಡಿಸಬೇಕಾಗುತ್ತದೆ, ಮತ್ತು ಅದು ಎಷ್ಟು ಒತ್ತಡ ತಾಳುತ್ತದೆ ಎಂಬುದನ್ನು ತಯಾರಕರೇ ನಮೂದಿಸಿರುತ್ತಾರೆ. ಅದನ್ನು ಓದದೆ ಇಳಿಯುವಂತಿಲ್ಲ.

ಈಗ ಸಾಗರಗಾಮಿಯವರಿಗೆ. ನಾನು ಹೃದಯದ ಶಸ್ತ್ರಚಿಕಿತ್ಸೆಗಳಿಗೆ ಅರಿವಳಿಕೆ ಕೊಡುವವನು. ‘ಆಮೇಲೆ ನೋಡೋಣ’ ಎಂಬ ಉತ್ತರವನ್ನು ಒಪ್ಪಿಕೊಂಡು ಬರಬೇಡಿ. ಡೈವರ್‌ನ ದೃಷ್ಟಿಯಿಂದ ಮಹತ್ವದ ಎರಡು ವಿಷಯಗಳು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ತೀರ್ಮಾನವಾಗಿಬಿಡುತ್ತವೆ.

ಮೊದಲನೆಯದು, ಎರಡು ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿರುವ ಪಿಎಫ್‌ಒ ಎಂಬ ಕಿಂಡಿ. ಗರ್ಭದಲ್ಲಿ ಎಲ್ಲರಿಗೂ ಇರುವ ಈ ಕಿಂಡಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ದೊಡ್ಡವರಾದ ಮೇಲೂ ಪೂರ್ತಿ ಮುಚ್ಚಿರುವುದಿಲ್ಲ. ಡೈವ್ ಮುಗಿಸಿ ಮೇಲೆ ಬಂದಾಗ ಅಭಿಧಮನಿಗಳಲ್ಲಿ ಹುಟ್ಟುವ ಸಾರಜನಕದ ಸಣ್ಣ ಗುಳ್ಳೆಗಳನ್ನು ಸಾಮಾನ್ಯವಾಗಿ ಶ್ವಾಸಕೋಶವೇ ಸೋಸಿ ತಡೆಯುತ್ತದೆ. ಕಿಂಡಿ ಇದ್ದರೆ ಅವು ಅಡ್ಡದಾರಿ ಹಿಡಿದು ನೇರವಾಗಿ ಮೆದುಳಿಗೂ ಬೆನ್ನುಹುರಿಗೂ ಹೋಗಬಹುದು. ಮೈಟ್ರಲ್ ಕವಾಟವನ್ನು ತಲುಪಲು ಶಸ್ತ್ರವೈದ್ಯರು ಹೇಗೂ ಹೃತ್ಕರ್ಣವನ್ನು ತೆರೆಯಲೇಬೇಕು. ಅನ್ನನಾಳದ ಮೂಲಕ ಎಕೋ ಮಾಡುವಾಗ ಆ ಕಿಂಡಿಯನ್ನು ಹುಡುಕುವಂತೆಯೂ, ಇದ್ದರೆ ಅದೇ ಕೈಯಲ್ಲಿ ಹೊಲಿದು ಮುಚ್ಚುವಂತೆಯೂ ಈಗಲೇ ಕೇಳಿಕೊಳ್ಳಿ.

ಎರಡನೆಯದು, ಎದೆಯನ್ನು ಎಲ್ಲಿ ತೆರೆಯುತ್ತಾರೆ ಎಂಬುದು. ಬಲ ಪಕ್ಕೆಯಲ್ಲಿ ಚಿಕ್ಕ ಗಾಯ ಮಾಡಿ ನಡೆಸುವ ವಿಧಾನ ಈಗ ಜನಪ್ರಿಯ. ಗಾಯ ಚಿಕ್ಕದು, ಎದೆಮೂಳೆಯನ್ನು ಸೀಳುವುದಿಲ್ಲ, ಬೇಗ ಚೇತರಿಕೆ. ಆದರೆ ಆ ದಾರಿಯಲ್ಲಿ ಬಲ ಶ್ವಾಸಕೋಶದ ಗಾಳಿ ತೆಗೆದು ಅದನ್ನು ಬದಿಗೆ ಸರಿಸಬೇಕಾಗುತ್ತದೆ, ಅದರ ಹೊದಿಕೆಯನ್ನು ತೆರೆಯಬೇಕಾಗುತ್ತದೆ. ಗುಣವಾಗುವಾಗ ಶ್ವಾಸಕೋಶ ಪಕ್ಕೆಗೆ ಅಂಟಿಕೊಳ್ಳುವ ಸಾಧ್ಯತೆ ಇದೆ. ಮೇಲೇರುವಾಗ ಶ್ವಾಸಕೋಶದ ಯಾವುದೇ ಮೂಲೆಯಲ್ಲಿ ಗಾಳಿ ಸಿಕ್ಕಿಕೊಂಡರೆ ಅದು ಹಿಗ್ಗಿ ಹರಿಯಬಹುದು ಎಂಬುದು ಡೈವಿಂಗ್‌ನ ಮೊದಲ ಪಾಠ. ಎದೆಮೂಳೆಯ ಮಧ್ಯದಿಂದ ಹೋದರೂ ಕೆಲವೊಮ್ಮೆ ಈ ಹೊದಿಕೆ ತೆರೆದುಕೊಳ್ಳುವುದುಂಟು. ಆದ್ದರಿಂದ ಇದೇ ವಿಧಾನ ಬೇಕೆಂದು ಹಟ ಹಿಡಿಯಿರಿ ಎನ್ನುತ್ತಿಲ್ಲ; ಯಾವ ವಿಧಾನವಾದರೂ, ಶ್ವಾಸಕೋಶದ ವಿಷಯದಲ್ಲಿ ಏನೇನು ನಡೆಯಿತು ಎಂಬುದನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಸಿಕೊಳ್ಳಿ, ಮತ್ತೆ ನೀರಿಗಿಳಿಯುವ ಮುನ್ನ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿ ಎನ್ನುತ್ತಿದ್ದೇನೆ.

ದುಬೈ ಡೈವರ್

ಪರ್ತ್‌ನ ಸಹೋದರರ ಬರಹ ಓದಿ ಬೇಸರವಾಯಿತು, ಆದರೆ ಅದೇ ಕೊನೆಯ ಮಾತೆಂದು ಯಾರೂ ತಿಳಿಯಬಾರದು. ನನ್ನದೂ ಮಹಾಪಧಮನಿಯ ಕವಾಟವೇ. ನಾನು ಹಸುವಿನ ಹೃದಯದ ಹೊದಿಕೆಯಿಂದ ಮಾಡಿದ ಕವಾಟವನ್ನು ಆರಿಸಿಕೊಂಡೆ. ರಕ್ತ ತೆಳುವಾಗಿಸುವ ಮಾತ್ರೆ ಮೊದಲ ಕೆಲವು ತಿಂಗಳು ಮಾತ್ರ, ಈಗ ಆಸ್ಪಿರಿನ್ ಒಂದೇ. ಫುಜೈರಾದಲ್ಲಿ ವೈದ್ಯರ ಲಿಖಿತ ಅನುಮತಿಯೊಂದಿಗೆ ಡೈವಿಂಗ್ ಮಾಡುತ್ತಿದ್ದೇನೆ. ಈ ಕವಾಟ ಹತ್ತು ಹದಿನೈದು ವರ್ಷಕ್ಕೆ ಸವೆಯುತ್ತದೆ, ಇನ್ನೊಮ್ಮೆ ಮೇಜಿನ ಮೇಲೆ ಮಲಗಬೇಕು ಎಂದು ತಿಳಿದೇ ಆರಿಸಿಕೊಂಡಿದ್ದೇನೆ. ಬದುಕಿನ ಅತ್ಯುತ್ತಮ ವರ್ಷಗಳನ್ನು ಮೇಲ್ಮೈಯಲ್ಲಿ ತೇಲುತ್ತಾ ಕಳೆಯುವುದಕ್ಕಿಂತ ಅದೇ ಮೇಲು ಎನಿಸಿತು.

ಪರ್ತ್ ಕನ್ನಡಿಗ

ನಿಮ್ಮ ಆಯ್ಕೆಯನ್ನು ಗೌರವಿಸುತ್ತೇನೆ. ಆದರೆ ಎರಡನೆಯ ಶಸ್ತ್ರಚಿಕಿತ್ಸೆ ಎಂಬುದು ಮೊದಲನೆಯದರ ಪುನರಾವರ್ತನೆ ಅಲ್ಲ. ಅಂಟಿಕೊಂಡ ಅಂಗಾಂಶಗಳ ನಡುವೆ ದಾರಿ ಮಾಡಿಕೊಂಡು ಹೋಗಬೇಕು, ಅಪಾಯ ಹೆಚ್ಚು, ಅಷ್ಟರಲ್ಲಿ ವಯಸ್ಸೂ ಏರಿರುತ್ತದೆ. ಸಾಗರಗಾಮಿಯವರಿಗೆ ಚಿಕ್ಕ ಮಕ್ಕಳಿದ್ದರೆ ಲೆಕ್ಕ ಬೇರೆಯಾಗುತ್ತದೆ. ಒಂದು ಹವ್ಯಾಸಕ್ಕಾಗಿ ಕವಾಟವನ್ನು ಆರಿಸುವುದು ನನಗೆ ಈಗಲೂ ಸರಿ ಎನಿಸುವುದಿಲ್ಲ.

ದುಬೈ ಡೈವರ್

ಹವ್ಯಾಸ ಎಂಬ ಮಾತೇ ತಪ್ಪು. ಅವರು ತಂಡಗಳನ್ನು ಕರೆದೊಯ್ಯುವವರು. ಮರಗೆಲಸದವನಿಗೆ, ಅಡುಗೆ ಭಟ್ಟರಿಗೆ ಮಾತ್ರೆ ಕೊಡುವ ಮುನ್ನ ಕೈಗೆ ಗಾಯವಾಗುವ ಕೆಲಸವೇ ಎಂದು ಕೇಳುವುದಿಲ್ಲವೇ? ಡೈವರ್‌ನನ್ನು ಕೇಳುವಾಗ ಮಾತ್ರ ನಗುವುದೇಕೆ? ಅಲ್ಲದೆ ಈಗ ಸವೆದ ಅಂಗಾಂಶದ ಕವಾಟದೊಳಗೆ ಕಾಲಿನ ರಕ್ತನಾಳದ ಮೂಲಕವೇ ಹೊಸದನ್ನು ಕೂರಿಸುವ ವಿಧಾನವೂ ಬಂದಿದೆ. ಪ್ರತಿಯೊಬ್ಬರೂ ಎರಡನೆಯ ಬಾರಿ ಎದೆ ಸೀಳಿಸಿಕೊಳ್ಳಲೇಬೇಕೆಂದಿಲ್ಲ.

ಹೃದ್ವೈದ್ಯೆ (ಮೈಸೂರು)

ಇಬ್ಬರ ವಾದದಲ್ಲೂ ಹುರುಳಿದೆ, ಆದರೆ ಇಬ್ಬರೂ ಮಹಾಪಧಮನಿಯ ಕವಾಟದ ಬಗ್ಗೆ ಹೇಳುತ್ತಿದ್ದೀರಿ. ಸಾಗರಗಾಮಿಯವರದು ಮೈಟ್ರಲ್. ಅಲ್ಲಿ ಲೆಕ್ಕ ಬದಲಾಗುತ್ತದೆ. ಮೈಟ್ರಲ್ ಸ್ಥಾನದಲ್ಲಿ ಅಂಗಾಂಶದ ಕವಾಟಗಳು ಇನ್ನೂ ಬೇಗ ಸವೆಯುತ್ತವೆ, ಅದರಲ್ಲೂ ಕಿರಿಯ ವಯಸ್ಸಿನವರಲ್ಲಿ. ಯಾಂತ್ರಿಕ ಕವಾಟವನ್ನು ಹಾಕಿದರೆ ರಕ್ತವನ್ನು ಹೆಚ್ಚು ತೆಳುವಾಗಿ ಇಡಬೇಕು: ಮಹಾಪಧಮನಿಯಲ್ಲಿ ಐಎನ್‌ಆರ್ (ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂಬುದರ ಅಳತೆ) ಸಾಮಾನ್ಯವಾಗಿ 2.5ರ ಆಸುಪಾಸಿನಲ್ಲಿದ್ದರೆ ಸಾಕು, ಮೈಟ್ರಲ್‌ಗೆ 3ರ ಆಸುಪಾಸು ಬೇಕು. ಅಂದರೆ ಪರ್ತ್‌ನವರಿಗಿರುವ ರಕ್ತಸ್ರಾವದ ಭಯ ಇವರಿಗೆ ಇನ್ನಷ್ಟು ಹೆಚ್ಚು. ಯಾಂತ್ರಿಕ ಕವಾಟವಿದ್ದೂ ಐಎನ್‌ಆರ್ ಸ್ಥಿರವಾಗಿರುವವರಿಗೆ ಕಡಿಮೆ ಆಳದ ಮಿತಿಯೊಂದಿಗೆ ಒಪ್ಪಿಗೆ ಕೊಡುವ ವೈದ್ಯರಿದ್ದಾರೆ, ನಾನಾದರೆ ಕೊಡಲಾರೆ. ಪದೇ ಪದೇ ರಕ್ತಪರೀಕ್ಷೆ ಬೇಡದ ಹೊಸ ಬಗೆಯ ಮಾತ್ರೆಗಳು ಬಂದಿವೆಯಲ್ಲ ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಯಾಂತ್ರಿಕ ಕವಾಟದವರಲ್ಲಿ ಡಾಬಿಗಾಟ್ರಾನ್ ಪ್ರಯೋಗಿಸಿದ ಅಧ್ಯಯನವನ್ನು ಹೆಪ್ಪುಗಟ್ಟುವಿಕೆ, ರಕ್ತಸ್ರಾವ ಎರಡೂ ಹೆಚ್ಚಾದ ಕಾರಣ ಅರ್ಧಕ್ಕೇ ನಿಲ್ಲಿಸಬೇಕಾಯಿತು, ಅದರ ವರದಿ 2013ರಲ್ಲಿ ಪ್ರಕಟವಾಗಿದೆ.

ಹೀಗಾಗಿ ಇವರ ವಿಷಯದಲ್ಲಿ ಎಲ್ಲ ಶಕ್ತಿಯನ್ನೂ ದುರಸ್ತಿಯ ಮೇಲೆ ಹಾಕಬೇಕು. ಇವರ ಅದೃಷ್ಟಕ್ಕೆ ಜಾರಿರುವುದು ಹಿಂಭಾಗದ ದಳ; ದುರಸ್ತಿಗೆ ಅತ್ಯಂತ ಒಗ್ಗುವ ಸ್ಥಿತಿ ಅದೇ. ಜಾರಿದ ಭಾಗವನ್ನು ಕತ್ತರಿಸಿ ಹೊಲಿಯುತ್ತಾರೆ, ಇಲ್ಲವೇ ದಳವನ್ನು ಹಿಡಿದಿಡುವ ತಂತುಗಳಲ್ಲಿ ತುಂಡಾದವುಗಳ ಬದಲು ಗೋರ್‌ಟೆಕ್ಸ್ ದಾರದ ತಂತುಗಳನ್ನು ಕಟ್ಟುತ್ತಾರೆ. ಬುಡಕ್ಕೆ ಉಂಗುರವೊಂದನ್ನು ಕೂರಿಸುತ್ತಾರೆ. ಫ್ರಾನ್ಸಿನ ಅಲೈನ್ ಕಾರ್ಪೆಂಟಿಯೆ ಈ ವಿದ್ಯೆಗೆ ಶಾಸ್ತ್ರೀಯ ರೂಪ ಕೊಟ್ಟವರು. ಪಳಗಿದ ಕೈಗಳಲ್ಲಿ ಇಂಥ ಕವಾಟಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ದುರಸ್ತಿಯಾಗುತ್ತವೆ. ಆದರೆ ನಮ್ಮ ದೇಶದಲ್ಲಿ ರುಮ್ಯಾಟಿಕ್ ಜ್ವರದಿಂದ ಗಡುಸಾದ ಮೈಟ್ರಲ್ ಕವಾಟಗಳೇ ಹೆಚ್ಚು ಬರುವುದರಿಂದ, ಮತ್ತು ಅವುಗಳ ದುರಸ್ತಿ ಕಷ್ಟವಾದ್ದರಿಂದ, ಬದಲಾಯಿಸುವುದರಲ್ಲಿ ನಿಪುಣರಾದವರೆಲ್ಲರೂ ದುರಸ್ತಿಯಲ್ಲಿ ಅಷ್ಟೇ ಪಳಗಿರುತ್ತಾರೆಂದು ಹೇಳಲಾಗದು. ನಿಮ್ಮ ಶಸ್ತ್ರವೈದ್ಯರನ್ನು ನೇರವಾಗಿ ಕೇಳಿ: ಇಂಥ ಕವಾಟವನ್ನು ನೀವು ವರ್ಷಕ್ಕೆ ಎಷ್ಟು ದುರಸ್ತಿ ಮಾಡುತ್ತೀರಿ, ಎಷ್ಟು ಸಲ ಕೊನೆಗೆ ಬದಲಾಯಿಸಬೇಕಾಗುತ್ತದೆ? ಉತ್ತರ ಸಮಾಧಾನ ಕೊಡದಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಅದು ಯಾರಿಗೂ ಅವಮಾನವಲ್ಲ.

ಕರಾವಳಿ ಮೇಷ್ಟ್ರು

ಒಂದು ವೇಳೆ ಬದಲಾಯಿಸಲೇಬೇಕಾದರೆ ವಿದೇಶಿ ಕವಾಟಕ್ಕಾಗಿ ಸಾಲ ಮಾಡಬೇಕಾಗಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ರೂಪುಗೊಂಡ ಚಿತ್ರಾ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ಅವರೇ ಮುಂದೆ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು. ನಮ್ಮೂರಿನ ಒಬ್ಬರು ಆ ಕವಾಟದೊಂದಿಗೆ ಇಂದಿಗೂ ಅಡಕೆ ತೋಟದ ಕೆಲಸ ಮಾಡುತ್ತಿದ್ದಾರೆ.

ಅರಿವಳಿಕೆ ತಜ್ಞ (ಹುಬ್ಬಳ್ಳಿ)

ಒಳ್ಳೆಯ ಕವಾಟವೇ. ಆದರೆ ಅದೂ ಯಾಂತ್ರಿಕವೇ, ಅದಕ್ಕೂ ಮಾತ್ರೆ ಬೇಕೇ ಬೇಕು. ಇಲ್ಲಿ ಪ್ರಶ್ನೆ ಬೆಲೆಯದಲ್ಲ.

ತೀರ್ಥಹಳ್ಳಿ ಅತ್ತಿಗೆ

ನನಗೆ ಈಜೂ ಬಾರದು, ಡೈವಿಂಗೂ ತಿಳಿಯದು. ಆದರೆ ಮಾತ್ರೆಯೊಂದಿಗೆ ಬದುಕುವುದು ಹೇಗೆಂದು ತಿಳಿದಿದೆ. ನಮ್ಮ ಮನೆಯವರು ಬಹಳ ವರ್ಷಗಳಿಂದ ರಕ್ತ ತೆಳುವಾಗಿಸುವ ಅಸಿಟ್ರೋಮ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮೊದಮೊದಲು ಯಾರೋ ಹೇಳಿದರೆಂದು ಸೊಪ್ಪನ್ನೇ ಬಿಡಿಸಿದ್ದೆವು. ಆಮೇಲೆ ವೈದ್ಯರು, ಹರಿವೆ ಪಾಲಕ್ ನುಗ್ಗೆಸೊಪ್ಪು ಯಾವುದನ್ನೂ ಬಿಡಬೇಕಿಲ್ಲ, ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಿ, ಒಂದು ವಾರ ದಿನಾ ಬಸ್ಸಾರು ಇನ್ನೊಂದು ವಾರ ಒಂದೆಲೆಯೂ ಇಲ್ಲ ಎಂಬಂತೆ ಮಾಡಬೇಡಿ ಎಂದು ತಿದ್ದಿದರು. ಜ್ವರಕ್ಕೆ ಅಂಗಡಿಯಲ್ಲಿ ಯಾವುದೋ ಮಾತ್ರೆ ಕೊಂಡು ನುಂಗಿದರೂ ಐಎನ್‌ಆರ್ ಏರುಪೇರಾಗುತ್ತದೆ. ಮೇಲೆ ಒಬ್ಬರು ‘ಐಎನ್‌ಆರ್ ಸ್ಥಿರವಾಗಿದ್ದರೆ’ ಎಂದು ಸುಲಭವಾಗಿ ಬರೆದಿದ್ದಾರೆ. ಅದನ್ನು ಸ್ಥಿರವಾಗಿಡುವುದು ಮನೆಯವರೆಲ್ಲರ ಕೆಲಸ ಎಂಬುದು ಸಾಗರಗಾಮಿಯವರಿಗೂ ಅವರ ಮನೆಯಾಕೆಗೂ ತಿಳಿದಿರಲಿ.

ಹೃದ್ವೈದ್ಯೆ (ಮೈಸೂರು)

ಬರೆದವಳು ನಾನೇ, ಅತ್ತಿಗೆ. ನೀವು ಹೇಳಿದ್ದು ನೂರಕ್ಕೆ ನೂರು ನಿಜ.

ಮಲ್ಪೆ ಅಲೆ

ಎಲ್ಲರೂ ಎದೆ ಕೊಯ್ಯುವ ಮಾತನ್ನೇ ಆಡುತ್ತಿದ್ದೀರಿ. ತೊಡೆಯ ರಕ್ತನಾಳದ ಮೂಲಕ ಹೋಗಿ ಕವಾಟದ ದಳಗಳಿಗೆ ಕ್ಲಿಪ್ ಹಾಕಿ ಮೂರನೆಯ ದಿನ ಮನೆಗೆ ಕಳುಹಿಸುತ್ತಾರೆಂದು ಓದಿದ್ದೇನೆ. ಅದನ್ನೇ ಮಾಡಿಸಿಕೊಂಡರೆ ಮುಂದಿನ ತಿಂಗಳೇ ನೇತ್ರಾಣಿಗೆ ಹೋಗಬಹುದಲ್ಲ?

ಅರಿವಳಿಕೆ ತಜ್ಞ (ಹುಬ್ಬಳ್ಳಿ)

ಆ ಕ್ಲಿಪ್ ಇರುವುದು ಮುಖ್ಯವಾಗಿ ಶಸ್ತ್ರಚಿಕಿತ್ಸೆಯನ್ನು ತಾಳಲಾರದ ವಯಸ್ಸಾದವರಿಗೆ, ಬೇರೆ ಕಾಯಿಲೆಗಳಿರುವವರಿಗೆ. 44 ವರ್ಷದವರಲ್ಲಿ ದುರಸ್ತಿಯಷ್ಟು ಪೂರ್ಣ ಪರಿಹಾರ ಅದರಿಂದ ಸಿಗುವುದಿಲ್ಲ. ಇನ್ನೊಂದು ತಮಾಷೆ ನೋಡಿ: ಬಲಗಡೆಯಿಂದ ಎಡ ಹೃತ್ಕರ್ಣಕ್ಕೆ ದಾಟಲು ಆ ವಿಧಾನದಲ್ಲಿ ನಡುಗೋಡೆಯನ್ನೇ ತೂತು ಮಾಡುತ್ತಾರೆ, ಮತ್ತು ಕೆಲವರಲ್ಲಿ ಆ ತೂತು ಬಹುಕಾಲ ಮುಚ್ಚುವುದಿಲ್ಲ. ಹುಟ್ಟಿನಿಂದ ಇಲ್ಲದ ಕಿಂಡಿಯನ್ನು ಡೈವರ್‌ಗೆ ನಾವೇ ಮಾಡಿಕೊಟ್ಟಂತಾಗುತ್ತದೆ.

ಸಾಗರಗಾಮಿ (ಬೆಂಗಳೂರು)

ಎಲ್ಲರಿಗೂ ಧನ್ಯವಾದಗಳು. ಈ ಋತುವಿನ ನನ್ನ ಎಲ್ಲ ಡೈವ್‌ಗಳನ್ನು ರದ್ದು ಮಾಡಿದ್ದೇನೆ, ಮಲ್ಪೆಯವರು ಬೇಸರಿಸಬಾರದು. ಇಂದು ಶಸ್ತ್ರವೈದ್ಯರನ್ನು ಮತ್ತೆ ಕಂಡು, ನೀವು ಹೇಳಿದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿದೆ. ಈ ಬಾರಿ ಅವರು ನಗಲಿಲ್ಲ. ಪಿಎಫ್‌ಒ ಹುಡುಕಿ ಮುಚ್ಚಲು ತಕ್ಷಣ ಒಪ್ಪಿದರು. ದುರಸ್ತಿಯ ಸಂಖ್ಯೆ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಕೆಲಸದಲ್ಲಿ ಬದಲಾವಣೆಯೇ ಹೆಚ್ಚೆಂದು ಪ್ರಾಮಾಣಿಕವಾಗಿ ಹೇಳಿ, ದುರಸ್ತಿಯನ್ನೇ ಹೆಚ್ಚಾಗಿ ಮಾಡುವ ಸಹೋದ್ಯೋಗಿಯೊಬ್ಬರಿಗೆ ಪತ್ರ ಬರೆದುಕೊಟ್ಟರು. ಅದಕ್ಕಾಗಿ ಅವರ ಬಗ್ಗೆ ಗೌರವ ಹೆಚ್ಚಾಯಿತು.

ದುರಸ್ತಿಯಾಗದಿದ್ದರೆ ಯಾವ ಕವಾಟ ಎಂಬುದನ್ನು ಹೆಂಡತಿಯೊಂದಿಗೆ ಕುಳಿತು ಚರ್ಚಿಸಿದೆ. ಆಕೆ ಯಾಂತ್ರಿಕ ಕವಾಟವೇ ಇರಲಿ, ಇನ್ನೊಮ್ಮೆ ಆಸ್ಪತ್ರೆಯ ಹೊರಗೆ ಕಾಯುವುದು ತನ್ನಿಂದಾಗದು ಎಂದಳು. ಒಪ್ಪಿದ್ದೇನೆ. ಅಂದರೆ ದುರಸ್ತಿಯಾದರೆ ಡೈವಿಂಗ್, ಇಲ್ಲವಾದರೆ ಪರ್ತ್‌ನವರ ಹಾಗೆ ಸ್ನಾರ್ಕಲ್. ದುಬೈಯವರು ಒಪ್ಪಲಾರರು, ತಿಳಿದಿದೆ. ದುರಸ್ತಿಯಾಯಿತೆಂದೇ ಇಟ್ಟುಕೊಂಡು ಕೇಳುತ್ತೇನೆ: ಎಷ್ಟು ಕಾಲದ ನಂತರ, ಯಾವ ಪರೀಕ್ಷೆಗಳ ನಂತರ ನೀರಿಗಿಳಿಯಬಹುದು?

ದುಬೈ ಡೈವರ್

ನಿಮ್ಮ ಮನೆಯವರ ಮಾತಿನ ಎದುರು ನನ್ನ ವಾದ ನಿಲ್ಲದು. ಶುಭವಾಗಲಿ.

ಹೃದ್ವೈದ್ಯೆ (ಮೈಸೂರು)

ಎದೆಮೂಳೆ ಸೀಳಿದ್ದರೆ ಅದು ಗಟ್ಟಿಯಾಗಲು ಎರಡು ಮೂರು ತಿಂಗಳು ಬೇಕು. ಆದರೆ ಮೂಳೆ ಕೂಡಿದ ಮಾತ್ರಕ್ಕೆ ಹೃದಯ ಸಿದ್ಧವಾಗುವುದಿಲ್ಲ. ಹಿಗ್ಗಿದ ಹೃತ್ಕುಕ್ಷಿ ಕುಗ್ಗಲು ತಿಂಗಳುಗಳೇ ಬೇಕಾಗುತ್ತವೆ. ಸೋರಿಕೆ ನಿಂತ ಕೂಡಲೇ ಇಜೆಕ್ಷನ್ ಫ್ರ್ಯಾಕ್ಷನ್ ಮೊದಲಿಗಿಂತ ಕಡಿಮೆ ತೋರಿದರೆ ಗಾಬರಿಯಾಗಬೇಡಿ. ಹಿಂದಕ್ಕೆ ಹೋಗುವ ಸುಲಭದ ದಾರಿ ಮುಚ್ಚಿದ್ದರಿಂದ ನಿಜವಾದ ಅಂಕಿ ಈಗ ಕಾಣುತ್ತಿದೆ ಎಂದು ತಿಳಿಯಿರಿ. ದುರಸ್ತಿಯ ನಂತರವೂ ಸುಮಾರು ಮೂರು ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ ಕೊಡುವುದುಂಟು. ಹೃದಯ ಶಸ್ತ್ರಚಿಕಿತ್ಸೆಯಾದವರಲ್ಲಿ ಹಲವರಿಗೆ ಮೊದಲ ದಿನಗಳಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಎಂಬ ಅಂಕೆತಪ್ಪಿದ ಬಡಿತ ಬಂದು ಹೋಗುತ್ತದೆ. ಅದು ಉಳಿದುಬಿಟ್ಟರೆ ಮಾತ್ರೆಯೂ ಉಳಿಯುತ್ತದೆ, ಆಗ ಡೈವಿಂಗ್ ಪ್ರಶ್ನೆ ಮತ್ತೆ ಮೊದಲಿನಿಂದ. ಬಡಿತವನ್ನು ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಯ ಮೇಲೂ ಕಣ್ಣಿಡಿ. ಶ್ರಮಪಡುವಾಗ ಹೃದಯ ಬೇಕಾದಷ್ಟು ವೇಗ ಪಡೆಯದಂತೆ ಅದು ತಡೆಯುತ್ತದೆ.

ನಾನಾದರೆ ಆರು ತಿಂಗಳಿಗೆ ಮೊದಲು ಕಡತವನ್ನೇ ತೆರೆಯುವುದಿಲ್ಲ. ಎಕೋದಲ್ಲಿ ಸೋರಿಕೆ ಇಲ್ಲವೆನ್ನುವಷ್ಟಿರಬೇಕು, ಹೃತ್ಕುಕ್ಷಿಯ ಅಳತೆ ಇಳಿದಿರಬೇಕು, ದಿನವಿಡೀ ಬಡಿತ ದಾಖಲಿಸುವ ಹೋಲ್ಟರ್ ಪರೀಕ್ಷೆಯಲ್ಲಿ ಬಡಿತ ಕ್ರಮಬದ್ಧವಾಗಿರಬೇಕು, ಎದೆಯ ಸಿಟಿಯಲ್ಲಿ ಶ್ವಾಸಕೋಶ ಸರಿಯಿರಬೇಕು. ಟ್ರೆಡ್‌ಮಿಲ್‌ನಲ್ಲಿ 10 ಮೆಟ್ (ಸುಮ್ಮನೆ ಕುಳಿತಾಗಿನದರ ಹತ್ತು ಪಟ್ಟು ಶ್ರಮ) ದಾಟಬೇಕು. ಶಾಂತ ನೀರಿನಲ್ಲಿ ನಿಧಾನವಾಗಿ ಫಿನ್ ಹೊಡೆಯಲು ಅಷ್ಟು ಬೇಡ, ಆದರೆ ಸೆಳೆತಕ್ಕೆ ಸಿಕ್ಕ ಜೊತೆಗಾರನನ್ನು ದೋಣಿಗೆ ಎಳೆದು ತರಲು ಬೇಕು. ಇಷ್ಟೆಲ್ಲ ಆದ ಮೇಲೆ, ಡೈವಿಂಗ್ ವೈದ್ಯಶಾಸ್ತ್ರ ಬಲ್ಲವರೊಬ್ಬರಿಗೆ ಕಡತವನ್ನು ತೋರಿಸಿ. ನೌಕಾಪಡೆಯಲ್ಲಿ ತರಬೇತಾದ ವೈದ್ಯರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು.

ಮಲ್ಪೆ ಅಲೆ

ಬೇಸರವೇನಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬುವ ಸಂಗತಿ ನನಗೆ ಹೊಸದು. ಆದರೂ 10 ಮೆಟ್ ಎಂಬ ಅಳತೆಗೋಲನ್ನು ಹಿಡಿದರೆ ನೇತ್ರಾಣಿಗೆ ಬರುವವರಲ್ಲಿ ಅರ್ಧ ಜನ ದಡದಲ್ಲೇ ಉಳಿಯುತ್ತಾರೆ ಎಂಬುದು ನನ್ನ ವಾದ.

ನೇತ್ರಾಣಿ ದೋಣಿ (ಮುರುಡೇಶ್ವರ)

ಉಳಿಯಲಿ, ಅವರಿಗೂ ದೇವಸ್ಥಾನ ನೋಡಲು ಸಮಯ ಸಿಗುತ್ತದೆ.

ಸಾಗರಗಾಮಿಯವರೇ, ಅನುಮತಿ ಸಿಕ್ಕಿದ ಮೇಲೂ ಮೊದಲ ಋತುವಿನಲ್ಲಿ ನೀವು ತಂಡವನ್ನು ಕರೆದೊಯ್ಯುವುದು ಬೇಡ, ಬೇರೆಯವರ ತಂಡದಲ್ಲಿ ಒಬ್ಬರಾಗಿ ಬನ್ನಿ. ಸಲಕರಣೆಯೆಲ್ಲ ಸೇರಿ ಇಪ್ಪತ್ತು ಕಿಲೋಗೂ ಹೆಚ್ಚು ಭಾರವಾಗುತ್ತದೆ. ಅದನ್ನು ಹೊತ್ತು ಏಣಿ ಹತ್ತುವುದೇ ಎದೆಗೆ ಬೀಳುವ ದೊಡ್ಡ ಹೊರೆ. ಬಿಸಿಡಿಯನ್ನು (ಸಿಲಿಂಡರ್ ಕಟ್ಟಿದ ತೇಲುವ ಜಾಕೆಟ್) ನೀರಿನಲ್ಲೇ ಬಿಚ್ಚಿ ಹುಡುಗರ ಕೈಗೆ ಕೊಟ್ಟು ಬರಿಮೈಯಲ್ಲಿ ಹತ್ತಿ. ಅದಕ್ಕೂ ಮೊದಲು ಈಜುಕೊಳದಲ್ಲಿ ಸಾಕಷ್ಟು ಅಭ್ಯಾಸ ಮಾಡಿ. ನಾಚಿಕೆಪಡುವಂಥದ್ದೇನೂ ಇಲ್ಲ.

ಅರಿವಳಿಕೆ ತಜ್ಞ (ಹುಬ್ಬಳ್ಳಿ)

ಎಲ್ಲರೂ ಮರೆತ ಒಂದು ವಿಷಯ ಹಲ್ಲು. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಹೊಸ ಉಂಗುರದ ಮೇಲೆ ಮನೆ ಮಾಡಿದರೆ, ದುರಸ್ತಿಯಾದ ಕವಾಟವೂ ಹಾಳಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನವೇ ದಂತವೈದ್ಯರನ್ನು ಕಂಡು ಹುಳುಕು, ಒಸಡಿನ ಸೋಂಕು ಎಲ್ಲವನ್ನೂ ತೀರಿಸಿಕೊಳ್ಳಿ. ಆನಂತರ ಹಲ್ಲು ಕೀಳಿಸುವುದಿದ್ದರೂ, ಒಸಡಿನ ಚಿಕಿತ್ಸೆಯಿದ್ದರೂ, ಅದಕ್ಕೆ ಮುಂಚಿನ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕು. ಸಾಮಾನ್ಯವಾಗಿ ಅಮಾಕ್ಸಿಸಿಲಿನ್ 2 ಗ್ರಾಂ, ಒಗ್ಗದವರಿಗೆ ಬೇರೆ. ಹವಳಕ್ಕೆ ತಗುಲಿ ಕಾಲು ಗೀರಿದರೂ ಇನ್ನು ಮುಂದೆ ಉಪ್ಪುನೀರೇ ಮದ್ದು ಎಂದು ಬಿಡಬೇಡಿ. ತೊಳೆದು, ಔಷಧಿ ಹಚ್ಚಿ, ಕಾರಣ ತಿಳಿಯದ ಜ್ವರ ಬಂದರೆ ಅಂಗಡಿಯ ಮಾತ್ರೆ ನುಂಗುವ ಮೊದಲು ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆ ಮಾಡಿಸಿ.

ಸಾಗರಗಾಮಿ (ಬೆಂಗಳೂರು)

ಬಲ ದವಡೆಯ ಒಂದು ಹಲ್ಲು ಬಹಳ ದಿನದಿಂದ ಜುಮ್ಮೆನ್ನುತ್ತಿದೆ, ಆಮೇಲೆ ನೋಡೋಣ ಎಂದು ಬಿಟ್ಟಿದ್ದೆ. ಸೋಮವಾರ ಬೆಳಿಗ್ಗೆಗೆ ದಂತವೈದ್ಯರ ಸಮಯ ತೆಗೆದುಕೊಂಡಿದ್ದೇನೆ. ಈ ಸೋರಿಕೆ ಇರುವಾಗಲೇ ಹಲ್ಲು ಕೀಳುವುದಿದ್ದರೆ ಆ ಆಂಟಿಬಯೋಟಿಕ್ ಈಗಲೂ ಬೇಕೇ, ಡಾಕ್ಟರೇ?

ಅರಿವಳಿಕೆ ತಜ್ಞ (ಹುಬ್ಬಳ್ಳಿ)

ಕೃತಕ ವಸ್ತುವೇನೂ ಒಳಗಿಲ್ಲದಿರುವಾಗ, ಹಿಂದೆ ಕವಾಟಕ್ಕೆ ಸೋಂಕು ತಗುಲಿದ ಇತಿಹಾಸವೂ ಇಲ್ಲದಿದ್ದರೆ, ಬರಿಯ ಸೋರಿಕೆಗೆ ಬೇಡವೆಂದೇ ಅಮೆರಿಕ, ಯುರೋಪುಗಳ ಮಾರ್ಗಸೂಚಿಗಳಿವೆ. ಆದರೂ ದಂತವೈದ್ಯರ ಕುರ್ಚಿಯಲ್ಲಿ ಕೂರುವ ಮೊದಲು ಎಕೋ ವರದಿಯನ್ನು ಅವರ ಕೈಗೆ ಕೊಡಿ.